ಮಂತ್ರದ ಭತ್ತವನ್ನು ಕೊಯ್ಯೋರು ಯಾರು?

ಕಳೆದ ಸಂಚಿಕೆಯಲ್ಲಿ "ನೀವು ಕಟ್ಟುತ್ತಿರುವ ಕಲ್ಪನೆಯ ಲೋಕದ ಬಗ್ಗೆ ಏನಾದರೂ ಕೇಳಿ" ಅಂದಿದ್ದೆ. ಅರಮನೆ, ಯುದ್ಧ, ಮಾಂತ್ರಿಕರ ಬಗ್ಗೆ ಪ್ರಶ್ನೆ ಬರುತ್ತವೆ ಅಂದುಕೊಂಡಿದ್ದೆ. ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಹೊಲದ್ದೇ. ನನಗೆ ತುಂಬ ಖುಷಿಯಾಯಿತು. ನಾನೂ ಸಿಂಧನೂರು ಸೀಮೆಯ ಒಕ್ಕಲು ಮನೆಯವಳು, ಕಣ್ಣು ಮುಚ್ಚಿ ಯಾವ ಲೋಕ ನೆನೆಸಿಕೊಂಡರೂ ಮೊದಲು ಒಂದು ಬದು, ಒಂದು ಬೇವಿನ ಗಿಡ, ಬಣವೆ ಇವೇ ಕಾಣುತ್ತವೆ. ಅದಕ್ಕೆ ಈ ಸಲದ ಅಂಕಣ ಪೂರ್ತಿ ಇಲ್ಲದ ಲೋಕದ ಹೊಲಕ್ಕೆ.

ಪ್ರಶ್ನೆ: ಅಕ್ಕಾ, ನಾನು ಬಿ.ಎ. ಎರಡನೇ ವರ್ಷ. ಒಂದು ಕಾದಂಬರಿ ಬರೆಯುತ್ತಿದ್ದೇನೆ. ಬೆಟ್ಟದ ಬುಡದಲ್ಲಿ ಒಂದು ಹೊಲ, ಅಲ್ಲೊಬ್ಬ ಮುದುಕಿ. ಅವಳು ಮಂತ್ರ ಹೇಳಿದರೆ ನೀಲಿ ಭತ್ತ ಒಂದೇ ರಾತ್ರಿಗೆ ತೆನೆ ಕಟ್ಟುತ್ತದೆ. ಓದಿದ ಗೆಳೆಯರು "ಚಂದ ಐತಿ, ಆದ್ರ ನಂಬಿಕಿ ಬರಲ್ಲ" ಅಂತಾರೆ. ಮಂತ್ರ ಇರುವ ಕತೆಯಲ್ಲಿ ನಂಬಿಕೆ ಯಾಕೆ ಬೇಕು?
– ಓದುಗ, ಗಂಗಾವತಿ

ಉತ್ತರ: ತಮ್ಮಾ, ನಿನ್ನ ಗೆಳೆಯರು ಮಂತ್ರವನ್ನು ಖಂಡಿತ ನಂಬಿದ್ದಾರೆ. ಅವರಿಗೆ ಬೇಕಾಗಿರುವುದು ಮಾರನೇ ದಿನ ಬೆಳಗಿನ ಕತೆ. ಭತ್ತ ರಾತ್ರಿಯೇ ಹಣ್ಣಾಯಿತು, ಸರಿ. ಅದನ್ನು ಕೊಯ್ಯೋರು ಯಾರು? ನೀನು ಗಂಗಾವತಿಯವನು, ನಿನಗೆ ಹೇಳಬೇಕಾ? ನಿಮ್ಮೂರ ಸುತ್ತ ಸೋನಾಮಸೂರಿ ಹಣ್ಣಾದ ವಾರ ಹೇಗಿರುತ್ತದೆ ನೆನಪು ಮಾಡಿಕೋ. ಎಲ್ಲರ ಗದ್ದೆಯೂ ಒಟ್ಟಿಗೆ ಹಳದಿಯಾಗುತ್ತದೆ, ಕೊಯ್ಯುವ ಮಷೀನಿಗೆ ಎಲ್ಲರೂ ಒಟ್ಟಿಗೆ ಫೋನ್ ಮಾಡುತ್ತಾರೆ, ಆಕಾಶದಲ್ಲಿ ಒಂದು ಮೋಡ ಕಂಡರೆ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣುವುದಿಲ್ಲ. ಒಂದು ಮಳೆ ಬಿದ್ದರೆ ಪೈರು ಮಲಗುತ್ತದೆ, ನಿಂತ ನೀರಿನಲ್ಲಿ ತೆನೆಯೇ ಮೊಳಕೆ ಒಡೆಯುತ್ತದೆ. ಇದು ನಾಲ್ಕು ತಿಂಗಳು ಕಾದು ಬೆಳೆದ ಬೆಳೆಯ ಪಾಡು. ನಿನ್ನ ಮುದುಕಿಯ ಭತ್ತ ಹೇಳದೆ ಕೇಳದೆ ಒಂದು ರಾತ್ರಿಗೆ ಹಣ್ಣಾದರೆ ಅವಳ ಕುಡುಗೋಲು ಎಲ್ಲಿದೆ, ಆಳು ಯಾರು, ಅವರಿಗೆ ಕೂಲಿ ಏನು, ಇವಳ ಹೊಲಕ್ಕೆ ಬಂದರೆ ಅವರ ಸ್ವಂತ ಹೊಲ ನೋಡೋರು ಯಾರು?

ಇನ್ನೊಂದು, ನೆಲ. ನಾಲ್ಕು ತಿಂಗಳಲ್ಲಿ ಬೇರು ಮೆಲ್ಲಗೆ ಹೀರುವ ಸಾರವನ್ನೆಲ್ಲ ಮಂತ್ರ ಒಂದೇ ರಾತ್ರಿಗೆ ಎಳೆದುಕೊಂಡಿದೆ ಅಲ್ವಾ? ಹಾಗಿದ್ದರೆ ಬೆಳಿಗ್ಗೆ ಆ ಮಣ್ಣು ಹೇಗಿರಬೇಕು? ನಮ್ಮ ಕಡೆ ಸೋತ ಹೊಲಕ್ಕೆ ಕುರಿಗಾರರನ್ನು ಕರೆದು ರಾತ್ರಿ ಕುರಿ ನಿಲ್ಲಿಸುತ್ತಾರೆ, ಆ ಹಿಕ್ಕೆಗೆ ಬದಲಾಗಿ ಕಾಳು ಕೊಡುತ್ತಾರೆ. ಒಂದು ವರ್ಷ ಜೋಳ ಬಿತ್ತಿದರೆ ಇನ್ನೊಂದು ವರ್ಷ ಕಡಲೆ ಬಿತ್ತುತ್ತಾರೆ, ಯಾಕೆಂದರೆ ಕಡಲೆಯ ಬೇರಿನ ಗಂಟು ಗಾಳಿಯಲ್ಲಿನ ಸಾರಜನಕವನ್ನು ನೆಲಕ್ಕೆ ತರುತ್ತದೆ. ಮುದುಕಿ ಮಂತ್ರ ಹೇಳಿದ ಮೇಲೆ ಎಷ್ಟು ವರ್ಷ ಆ ಹೊಲ ಬೀಳು ಬಿಡಬೇಕು? ಅದನ್ನು ನೀನು ತೀರ್ಮಾನ ಮಾಡಿದ ದಿನ ನಿನ್ನ ಕತೆಗೆ ಬೆನ್ನೆಲುಬು ಬರುತ್ತದೆ. ಮುದುಕಿ ಯಾಕೆ ಆ ಮಂತ್ರವನ್ನು ಆಯುಷ್ಯದಲ್ಲಿ ಎರಡೇ ಸಲ ಹೇಳಿದಳು ಅನ್ನುವುದು ಓದುಗನಿಗೆ ತಾನಾಗಿ ತಿಳಿಯುತ್ತದೆ.

ಮೂರನೆಯದು ನನಗೆ ತುಂಬ ಇಷ್ಟದ ವಿಷಯ, ಅದಕ್ಕೆ ಸ್ವಲ್ಪ ಉದ್ದ ಹೇಳುತ್ತೇನೆ. ಬೆಳೆದ ಕಾಳನ್ನು ಇಡೋದು ಎಲ್ಲಿ? ನಿನ್ನ ಪತ್ರದಲ್ಲಿ "ದೊಡ್ಡ ಉಗ್ರಾಣ" ಅಂತ ಇದೆ. ಅದನ್ನು ತೆಗೆದು ಹಗೇವು ಹಾಕು. ನಿನ್ನ ವಯಸ್ಸಿನವರು ನೋಡಿರಲಿಕ್ಕಿಲ್ಲ. ಗಟ್ಟಿ ನೆಲದಲ್ಲಿ ತೋಡಿದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಅಗಲ. ಗೋಡೆಗೆ ಜೋಳದ ದಂಟು, ಹುಲ್ಲು ಒತ್ತಿ ಕಾಳು ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಡುತ್ತಿದ್ದರು. ನೋಡಿದವರಿಗೆ ಅಂಗಳ ಮಾತ್ರ ಕಾಣುತ್ತದೆ, ಅಡಿಯಲ್ಲಿ ವರ್ಷಗಳ ಊಟ ಇರುತ್ತದೆ. ಕಾಳು ಕೂಡ ಉಸಿರಾಡುತ್ತದೆ. ಮುಚ್ಚಿದ ಗುಂಡಿಯಲ್ಲಿ ಅದೂ ಹುಳುಗಳೂ ಸೇರಿ ಒಳಗಿನ ಒಳ್ಳೆಯ ಗಾಳಿಯನ್ನೆಲ್ಲ ಮುಗಿಸುತ್ತವೆ, ಆಮೇಲೆ ಉಳಿಯುವುದು ಕೆಟ್ಟ ಗಾಳಿ. ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಆ ಗಾಳಿಯೇ ಮನುಷ್ಯನಿಗೂ ಯಮ. ಹಗೇವು ತೆಗೆದ ಕೂಡಲೇ ಇಳಿದವರು ಮೇಲೆ ಬರಲಿಲ್ಲ ಅನ್ನುವ ಕತೆ ನಮ್ಮ ಊರುಗಳಲ್ಲಿ ಕೇಳಿಯೇ ಬೆಳೆದಿದ್ದೇವೆ. ಅದಕ್ಕೆ ನಮ್ಮ ಅಜ್ಜ ಮುಚ್ಚಳ ತೆಗೆದು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವ ಹಾಗಿಲ್ಲ, ಕಾಯಬೇಕು. ನಾವು ಮಕ್ಕಳು ಬಾಯಿ ಮುಚ್ಚಿಕೊಂಡು ಆ ದೀಪವನ್ನೇ ನೋಡುತ್ತಿದ್ದೆವು.

ತಮ್ಮಾ, ನೆಲದ ಅಡಿಯಲ್ಲಿ ಊಟ ಕಾಯುವ ಒಂದು ಹೊಟ್ಟೆ, ಅದರೊಳಗೆ ದೀಪ ನುಂಗುವ ಒಂದು ಗಾಳಿ. ಇದಕ್ಕಿಂತ ದೊಡ್ಡ ಭೂತವನ್ನು ನಾನಂತೂ ಹುಟ್ಟಿಸಲಾರೆ. ನಿನ್ನ ನೀಲಿ ಭತ್ತವನ್ನು ಅಲ್ಲಿ ಇಡು.

ಪ್ರಶ್ನೆ: ನನ್ನ ಲೋಕದಲ್ಲಿ ನದಿಯೇ ದೇವತೆ. ಅವಳು ಒಬ್ಬ ರೈತನಿಗೆ "ನಿನ್ನ ಹೊಲಕ್ಕೆ ಎಂದೂ ನೀರು ತಪ್ಪದು" ಅಂತ ವರ ಕೊಡುತ್ತಾಳೆ. ಇಲ್ಲಿಂದ ಕತೆ ಮುಂದಕ್ಕೆ ಹೋಗುತ್ತಿಲ್ಲ. ಎಲ್ಲ ಸುಖವಾಗಿಬಿಟ್ಟಿದೆ.
– ಓದುಗರು, ಮಾನ್ವಿ

ಉತ್ತರ: ಮಾನ್ವಿಯಲ್ಲಿದ್ದು ಹೀಗೆ ಕೇಳಿದಿರಲ್ಲ! ವರ ಪಡೆದವನ ಹೊಲ ಬಿಟ್ಟು ಅವನ ಕೆಳಗಿನ ಹೊಲಕ್ಕೆ ಹೋಗಿ ನೋಡಿ, ಅಲ್ಲಿ ಕತೆ ಕೂತಿದೆ.

ತುಂಗಭದ್ರೆಯ ಎಡದಂಡೆ ಕಾಲುವೆ 227 ಕಿ.ಮೀ. ಉದ್ದ. 1953ರಲ್ಲಿ ಅಣೆಕಟ್ಟು ಮುಗಿದಾಗ ಇದ್ದ ಲೆಕ್ಕ ಬೇರೆ. ಬರದ ಸೀಮೆಗೆ ನೀರನ್ನು ತೆಳ್ಳಗೆ ಹರಡಬೇಕು, ಜೋಳ, ಹತ್ತಿಯಂಥ ಬೆಳೆಗೆ ಆಸರೆ ಆಗಬೇಕು, ಆದಷ್ಟು ಜಾಸ್ತಿ ಹೊಲಕ್ಕೆ ಮುಟ್ಟಬೇಕು ಅಂತ. ಆದರೆ ಮೇಲಿನ ಭಾಗದಲ್ಲಿ ನೀರು ಕಂಡವರು ಭತ್ತ ಹಚ್ಚಿದರು. ಹಚ್ಚದೆ ಇರುತ್ತಾರಾ? ನಾವಾದರೂ ಹಚ್ಚುತ್ತಿದ್ದೆವು, ಹಚ್ಚಿದೆವು ಕೂಡ. ಕಾಲುವೆಯ ಕೊನೆಗೆ ಬರುವ ಹೊತ್ತಿಗೆ ನೀರಿಗಿಂತ ನೀರಿನ ಸುದ್ದಿಯೇ ಜಾಸ್ತಿ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಿಮ್ಮ ನದೀದೇವತೆ ಒಬ್ಬನಿಗೆ ಕೊಟ್ಟ ಮಾತು ಯಾರ ಪಾಲಿನಿಂದ ಬಂತು? ಆ ಕೊನೆಯ ಹೊಲದ ಹೆಂಗಸು ಅದೇ ದೇವತೆಗೆ ಉಡಿ ತುಂಬುತ್ತಾಳಾ? ಇಬ್ಬರ ನಡುವೆ ತೂಬು ಎತ್ತುವ, ಇಳಿಸುವ ಒಬ್ಬ ನೀರುಗಂಟಿ ಬೇಕು. ಸಂಬಳ ಸಣ್ಣದು, ಕೈಯಲ್ಲಿರುವ ಅಧಿಕಾರ ದೊಡ್ಡದು, ರಾತ್ರಿ ಒಬ್ಬನೇ ಕಾಲುವೆ ಏರಿಯ ಮೇಲೆ ನಡೆಯುತ್ತಾನೆ. ನನ್ನನ್ನು ಕೇಳಿದರೆ ನಿಮ್ಮ ಕತೆಯ ನಾಯಕ ಅವನೇ ಆಗಬೇಕು.

ವರ ಪಡೆದವನಿಗೂ ಸುಖ ಕಡಿಮೆ. ಎರೆಭೂಮಿಗೆ ಎಂದೂ ನೀರು ತಪ್ಪದಿದ್ದರೆ ಏನಾಗುತ್ತದೆ? ನೀರು ಇಂಗಲು ಜಾಗವಿಲ್ಲದೆ ಒಳಗಿನ ಉಪ್ಪನ್ನು ಹೊತ್ತು ಮೇಲೆ ಬರುತ್ತದೆ, ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಹೊಲ ಸವಳಾಗುತ್ತದೆ. ಬೆಳಿಗ್ಗೆ ನೋಡಿದರೆ ನೆಲದ ಮೇಲೆ ಬೆಳ್ಳಗೆ ಹಿಟ್ಟು ಚೆಲ್ಲಿದ ಹಾಗೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಇಂಥ ಸವಳು ನೆಲದ ಮೇಲೆಯೇ ಕೆಲಸ ಮಾಡುತ್ತಾರೆ. ನಮ್ಮ ಮನೆಯಲ್ಲೂ ಆದದ್ದು ಇದೇ ನೀರಿನಿಂದ. ಕಾಲುವೆ ಬಂದು ಕೆಲವು ವರ್ಷಕ್ಕೆ, ಮೇಲೆ ಹೇಳಿದೆನಲ್ಲ, ಆ ಅಜ್ಜನ ಹಗೇವಿನ ಗೋಡೆ ಬೆವರಲು ಶುರುವಾಯಿತು. ಒಂದು ಬೇಸಿಗೆ ತೆಗೆದಾಗ ಅರ್ಧ ಜೋಳ ಕರ್ರಗೆ ಮುಗ್ಗಿತ್ತು. ಅಜ್ಜ ಆ ವರ್ಷವೇ ಅದಕ್ಕೆ ಮಣ್ಣು ತುಂಬಿಸಿದರು. ನೀರು ಬೇಡಿದವರೂ ಅವರೇ, ಹಗೇವು ಮುಚ್ಚಿಸಿದವರೂ ಅವರೇ.

ಇನ್ನು ದೇವತೆ ವರವನ್ನು ಹಿಂದಕ್ಕೆ ಪಡೆಯುವ ದೃಶ್ಯ ಬೇಕಿದ್ದರೆ ದೊಡ್ಡ ಶಾಪ, ಸಿಡಿಲು ಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು ಕಡಿಯಿತು, ಗೇಟು ಕೊಚ್ಚಿಹೋಯಿತು. ತುಂಬಿದ ಕೆರೆಯ ಹಾಗಿದ್ದ ಡ್ಯಾಮು ಕಣ್ಣೆದುರೇ ಖಾಲಿಯಾಗುವುದನ್ನು ನೋಡುತ್ತಾ ಸುತ್ತಲಿನ ಜಿಲ್ಲೆಗಳ ಜನ ನಿದ್ದೆ ಬಿಟ್ಟರು. ಹರಿಯುವ ನೀರಿನಲ್ಲೇ ಉಕ್ಕಿನ ತಡೆ ಹಲಗೆ ಇಳಿಸಿ ಸುಮಾರು ಒಂದು ವಾರದಲ್ಲಿ ಅದನ್ನು ಮುಚ್ಚಿದ ಕೆಲಸಗಾರರನ್ನು ನಾನು ಇವತ್ತಿಗೂ ಕೈ ಮುಗಿದು ನೆನೆಯುತ್ತೇನೆ. ಒಂದು ಕೊಂಡಿ, ಅಷ್ಟೇ. ನಿಮ್ಮ ವರಕ್ಕೂ ಅಂಥ ಒಂದು ಕೊಂಡಿ ಎಲ್ಲಾದರೂ ಇರಲಿ, ಅದನ್ನು ಮೊದಲ ಅಧ್ಯಾಯದಲ್ಲೇ ಓದುಗರಿಗೆ ತೋರಿಸಿಬಿಡಿ.

ಪ್ರಶ್ನೆ: ಮೇಡಂ, ನನ್ನ ಲೋಕಕ್ಕೆ ಎರಡು ಚಂದ್ರ. ಒಂದರ ತಿಂಗಳು 30 ದಿನ, ಇನ್ನೊಂದರದ್ದು 42 ದಿನ, ವರ್ಷಕ್ಕೆ 360 ದಿನ. ರೈತರು ಎರಡೂ ಚಂದ್ರ ಇಲ್ಲದ ರಾತ್ರಿಯ ಮಾರನೇ ದಿನ ಬಿತ್ತುತ್ತಾರೆ ಅಂತ ಬರೆದಿದ್ದೇನೆ. ಸರಿ ಇದೆಯಾ?
– ಶಾಲಾ ಶಿಕ್ಷಕರು, ಲಿಂಗಸುಗೂರು

ಉತ್ತರ: ಸರ್, ಲೆಕ್ಕ ಹಾಕೋಣ. 30 ಮತ್ತು 42, ಎರಡೂ ಕೂಡಿ ಬರುವುದು 210 ದಿನಕ್ಕೊಮ್ಮೆ. ವರ್ಷ 360 ದಿನ ಅಂದರೆ ನಿಮ್ಮ ಜೋಡಿ ಅಮಾವಾಸ್ಯೆ ಒಂದು ವರ್ಷ ಮುಂಗಾರಿನಲ್ಲಿ ಬಂದರೆ ಮುಂದಿನದು ಚಳಿಯಲ್ಲಿ, ಆಮೇಲಿನದು ಮರುವರ್ಷ ಮುಂಗಾರಿನಲ್ಲೇ ಎರಡು ತಿಂಗಳು ತಡವಾಗಿ, ಅದರಾಚೆಯದು ಬೇಸಿಗೆಯಲ್ಲಿ. ಅದನ್ನು ನೋಡಿ ಬಿತ್ತಿದರೆ ನಿಮ್ಮ ಊರು ಎರಡೇ ವರ್ಷಕ್ಕೆ ಗುಳೆ ಹೋಗುತ್ತದೆ.

ನಮ್ಮ ಹಿರಿಯರಿಗೆ ಒಂದೇ ಚಂದ್ರ ಇದ್ದರೂ ಇದೇ ತೊಡಕಿತ್ತು. ಹನ್ನೆರಡು ಅಮಾವಾಸ್ಯೆಗೆ 354 ದಿನ, ಸೂರ್ಯನ ವರ್ಷಕ್ಕೆ 11 ದಿನ ಕಡಿಮೆ. ಅದಕ್ಕೆ ಸುಮಾರು 32–33 ತಿಂಗಳಿಗೊಮ್ಮೆ ಅಧಿಕ ಮಾಸ ಸೇರಿಸಿದರು. ಇದು ಹಬ್ಬದ ಲೆಕ್ಕ. ಬಿತ್ತುವ ಲೆಕ್ಕ ಮಾತ್ರ ಬೇರೆಯೇ ಇಟ್ಟರು, ನನಗೆ ಅದೇ ದೊಡ್ಡ ಬೆರಗು. ರೋಹಿಣಿ ಮಳೆ, ಮೃಗಶಿರ, ಆರಿದ್ರಾ ಅಂತೇವಲ್ಲ, ಅದು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಅನ್ನುವ ಲೆಕ್ಕ. 27 ನಕ್ಷತ್ರ, ಒಂದೊಂದಕ್ಕೆ 13–14 ದಿನ. ಅದಕ್ಕೇ ಮೃಗಶಿರ ಪ್ರತಿ ವರ್ಷ ಜೂನ್ ಮೊದಲ ವಾರದ ಕೊನೆಗೇ ಕೂಡುತ್ತದೆ. ದೇವರಿಗೆ ಚಂದ್ರ, ಬೀಜ ಬಿತ್ತುವ ಕೂರಿಗೆಗೆ ಸೂರ್ಯ. ನಿಮ್ಮ ಲೋಕದಲ್ಲೂ ಹೀಗೆ ಎರಡು ಪಂಚಾಂಗ ಇಡಿ. ಪೂಜಾರಿಗಳು ಚಂದ್ರ ನೋಡಿ ಬಿತ್ತು ಅನ್ನಲಿ, ಮುದಿ ರೈತ ಬೇರೆ ಏನೋ ನೋಡಿ ಇನ್ನೂ ಬೇಡ ಅನ್ನಲಿ. ಜಗಳ ತಾನಾಗಿ ಹುಟ್ಟುತ್ತದೆ. ಅಮಾವಾಸ್ಯೆ ದಿನ ಎತ್ತು ಹೂಡದ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಎರಡು ಚಂದ್ರ ಇದ್ದರೆ ಎತ್ತಿಗೆ ರಜೆಯೂ ಜಾಸ್ತಿ ಆಗುತ್ತದೆ, ಅದನ್ನೂ ಮರೆಯಬೇಡಿ.

ಪ್ರಶ್ನೆ: ಬೆಳೆ ತಿನ್ನುವ ರಾಕ್ಷಸ ಹೇಗಿರಬೇಕು? ನನ್ನದು ಬೆಂಕಿ ಉಗುಳುತ್ತದೆ.
– ಓದುಗ, ಸಿರುಗುಪ್ಪ

ಉತ್ತರ: ಬೆಂಕಿ ಒಂದೇ ದಿನಕ್ಕೆ ಮುಗಿದುಹೋಗುತ್ತದೆ. ದಿನಾ ಬರುವ ಸಣ್ಣದು ಜಾಸ್ತಿ ಹೆದರಿಸುತ್ತದೆ. ಜೋಳ ಹಾಲು ತುಂಬಿದಾಗ ಹಕ್ಕಿ ಹಿಂಡು ಬರುತ್ತದಲ್ಲ, ಹಾಗೆ. ಅಟ್ಟಣಿಗೆ ಮೇಲೆ ಕವಣೆ ಹಿಡಿದು ಬೆಳಗಿನಿಂದ ಸಂಜೆವರೆಗೆ ಕೂಗಿ ಗಂಟಲು ಹೋದ ಹುಡುಗನನ್ನು ಮೊದಲು ಬರಿ, ರಾಕ್ಷಸ ಹೇಗಿದೆ ಅಂತ ಅವನೇ ಹೇಳುತ್ತಾನೆ.

ಪ್ರಶ್ನೆ: ಅಕ್ಕಾ, ನಾನು ಪಿಯುಸಿ ಓದುತ್ತಿದ್ದೇನೆ. ನನ್ನ ಕತೆಯ ಹೊಲದಲ್ಲಿ ಎಲ್ಫ್‌ಗಳು ಕೆಲಸ ಮಾಡುತ್ತವೆ, ಪಕ್ಕದಲ್ಲಿ ಡ್ರ್ಯಾಗನ್ ಸುಟ್ಟ ಬೆಟ್ಟ ಇದೆ. ಹೆಸರುಗಳನ್ನು ಕನ್ನಡ ಮಾಡಿದರೆ ಫ್ಯಾಂಟಸಿ ಅನಿಸುತ್ತಿಲ್ಲ. ಏನು ಮಾಡಲಿ?
– ಓದುಗಿ, ಬಳ್ಳಾರಿ

ಉತ್ತರ: ತಂಗಿ, ಹೆಸರು ಬದಲಿಸಿದರೆ ಸಾಲದು, ಆ ಜೀವಿಯೇ ನಿನ್ನ ಮಣ್ಣಿನಿಂದ ಏಳಬೇಕು. ಗಂಗಾವತಿ ಹತ್ತಿರ ಹಿರೇಬೆಣಕಲ್ ಇದೆ. ಗುಡ್ಡ ಹತ್ತಿದರೆ ಕಲ್ಲು ಚಪ್ಪಡಿಯ ಸಣ್ಣ ಸಣ್ಣ ಮನೆಗಳು, ನೂರಾರು. ಕೆಲವಕ್ಕೆ ದುಂಡಗಿನ ಕಿಂಡಿ. 2,000 ವರ್ಷಕ್ಕೂ ಹಿಂದೆ ಜನ ತಮ್ಮ ಸತ್ತವರಿಗೆ ಕಟ್ಟಿದ ಕಲ್ಗೋರಿಗಳು ಅವು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಆದರೆ ಸುತ್ತಲಿನ ಊರವರು ಅದನ್ನು ಮೋರೇರ ಗುಡ್ಡ ಅಂತಾರೆ. ಮೋರೇರು ಅಂದರೆ ಗಿಡ್ಡ ಜನ, ಅವರ ಮನೆಗಳಿವು ಅಂತ. ಬೇರೆ ಯಾರೋ ಕಟ್ಟಿದ ಗಿಡ್ಡರನ್ನು ನೀನು ಸಾಲ ತರುವುದು ಯಾಕೆ? ನಿನ್ನ ಹೊಲಕ್ಕೆ ಮೋರೇರು ಬರಲಿ. ಗಿಡ್ಡಗಿದ್ದರೆ ಅವರ ಕೂರಿಗೆ ಎಷ್ಟು ಎತ್ತರ, ಎತ್ತಿನ ಬದಲು ಏನು ಹೂಡುತ್ತಾರೆ, ತೊಗರಿ ಗಿಡ ಅವರಿಗೆ ಕಾಡಿನ ಹಾಗೆ ಕಾಣುತ್ತದಾ, ಇವನ್ನು ನೀನು ಯೋಚಿಸಬೇಕು.

ಸುಟ್ಟ ಬೆಟ್ಟಕ್ಕಂತೂ ನೀನು ಬಸ್ಸಿಗೆ ಕೂತರೆ ಸಾಕು. ಹೊಸಪೇಟೆ ದಾರಿಯಲ್ಲಿ ಕುಡತಿನಿ ಹತ್ತಿರ ಬೂದಿ ದಿಬ್ಬ ಇದೆ. ಕಲ್ಲಿನ ಕೊಡಲಿ ಕಾಲದ ದನಗಾರರು ದೊಡ್ಡಿಯಲ್ಲಿ ಕೂಡಿಟ್ಟ ಸಗಣಿ ಸುಟ್ಟು ಸುಟ್ಟು ಆದ ಬೂದಿ ಅದು, 4,000 ವರ್ಷಕ್ಕೂ ಹಿಂದಿನದು. ಹಂಪಿ ಹತ್ತಿರದ ನಿಂಬಾಪುರದಲ್ಲಿ ಇಂಥದ್ದೇ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ನಿಮ್ಮೂರ ಪಕ್ಕದ ಸಂಗನಕಲ್ಲಿನಲ್ಲಿ ಬಡಿದರೆ ಗಂಟೆಯ ಹಾಗೆ ದನಿ ಕೊಡುವ ಬಂಡೆಗಳಿವೆ, ಆ ಕಾಲದವರು ಅಲ್ಲೇ ಸುತ್ತಮುತ್ತ ಹುರುಳಿ ಬೆಳೆದು ತಿಂದಿದ್ದಾರೆ. ಬೂದಿ ಗುಡ್ಡ, ಹಾಡುವ ಕಲ್ಲು, ಹುರುಳಿ ಹೊಲ. ಎಲ್ಲ ನಿನ್ನ ಮನೆಯಿಂದ ಒಂದು ತಾಸಿನ ಒಳಗೆ. ಒಂದು ಭಾನುವಾರ ಹೋಗಿ ಆ ಬೂದಿಯನ್ನು ಕಣ್ಣಾರೆ ನೋಡಿ ಬಾ, ಆಮೇಲೆ ಮನೆಗೆ ಬಂದು ಬರಿ. ಅಲ್ಲಿಂದ ಏನನ್ನೂ ಎತ್ತಿಕೊಂಡು ಬರಬೇಡ, ಅಷ್ಟೇ.

ಪ್ರಶ್ನೆ: ನನಗೆ 68 ವರ್ಷ. ಆರು ಎಕರೆ ಒಣ ಬೇಸಾಯ. ಮೊಮ್ಮಗಳು ನಿಮ್ಮ ಅಂಕಣ ಓದಿ ಹೇಳುತ್ತಾಳೆ, ತಾನೂ ಇಂಥ ಕತೆ ಬರೆಯುತ್ತಾಳೆ. ನಿಜವಾದ ಹೊಲವೇ ಬಿಸಿಲಿಗೆ ಸುಡುತ್ತಿರುವಾಗ ಇಲ್ಲದ ಹೊಲದ ಕತೆ ಬರೆದು ಏನು ಬಂತು, ತಂಗೀ?
– ಹಿರಿಯ ರೈತರು, ಕುಷ್ಟಗಿ

ಉತ್ತರ: ಕಾಕಾ, ನಿಮ್ಮ ಪತ್ರ ಓದಿ ಎರಡು ದಿನ ಪೆನ್ನು ಹಿಡಿಯಲಿಲ್ಲ. ಸುಮ್ನೆ ಸಮಾಧಾನದ ಮಾತು ಹೇಳಿ ನಿಮ್ಮನ್ನು ಕಳಿಸಲು ನನಗೆ ಮನಸ್ಸಿಲ್ಲ.

ಕತೆಯಿಂದ ಮಳೆ ಬರುವುದಿಲ್ಲ, ಸಾಲ ತೀರುವುದಿಲ್ಲ, ಅದು ನಿಜ. ಆದರೆ ಇಲ್ಲದ್ದನ್ನು ಹೊಲದಲ್ಲಿ ಕಾಣೋದು ನಿಮಗೆ ಹೊಸದಾ, ಕಾಕಾ? ಎಳ್ಳಮಾಸಿಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲು ಇಟ್ಟು ಸುಣ್ಣ ಬಳಿದು ಪಾಂಡವರು ಅಂತ ಪೂಜೆ ಮಾಡುತ್ತೇವೆ. ಕಡುಬು, ಸಜ್ಜೆ ರೊಟ್ಟಿ ಕಲಸಿ ಹೊಲದ ತುಂಬ ಚರಗ ಚೆಲ್ಲುತ್ತೇವೆ. ತಿನ್ನೋರು ಯಾರು ಅಂತ ಯಾರೂ ಕೇಳುವುದಿಲ್ಲ. ಸೀಗಿ ಹುಣ್ಣಿಮೆಗೆ ತೆನೆ ಹೊತ್ತ ಪೈರನ್ನು ಬಸುರಿ ಅಂತ ಬಗೆದು ಉಡಿ ತುಂಬುತ್ತೇವೆ. ಹಿಂಗಾರಿ ಜೋಳವಂತೂ, ಎರೆ ಹೊಲದಲ್ಲಿ ಬಿತ್ತಿದ ಮೇಲೆ ಒಂದು ಹನಿ ಮಳೆ ಇಲ್ಲದಿದ್ದರೂ ನೆಲ ಹಿಡಿದಿಟ್ಟ ತೇವದಲ್ಲೇ ತೆನೆಗೆ ಬರುತ್ತದೆ. ಇದನ್ನು ಕಾಣದ ಊರಿನವರಿಗೆ ಹೇಳಿದರೆ ಅವರು ಇದನ್ನೇ ಮಂತ್ರ ಅಂದುಕೊಳ್ಳುತ್ತಾರೆ.

ನಿಮ್ಮ ಮೊಮ್ಮಗಳು ಇದನ್ನೆಲ್ಲ ನೋಡಿ ಬೆಳೆದಿದ್ದಾಳೆ. ಈಗ ಎತ್ತು ತುಳಿಸಿ ತೆನೆ ಒಕ್ಕುವ ಹಂತಿ ಇಲ್ಲ, ಕಣವೂ ಕಡಿಮೆ, ರಾಶಿ ರಸ್ತೆ ಮೇಲೆ ಆಗುತ್ತದೆ. ಅವಳು ಕತೆಯಲ್ಲಿ ಒಂದು ಹೊಲ ಕಟ್ಟುತ್ತಿದ್ದರೆ ಅದಕ್ಕೆ ಬೇಕಾದ ಮಾತು, ಸಾಮಾನು ಎಲ್ಲ ನಿಮ್ಮ ಹತ್ತಿರ ಇವೆ. ಅವಳು ಕೇಳದಿದ್ದರೂ ನೀವು ಹೇಳಿ. ನಮ್ಮ ಅಜ್ಜ ಕಣದಲ್ಲಿ ಸೇರಿನಿಂದ ಕಾಳು ಅಳೆಯುವಾಗ ಎಂದೂ "ಒಂದು" ಅಂದವರಲ್ಲ. ಮೊದಲ ಸೇರಿಗೆ "ಲಾಭ" ಅನ್ನುತ್ತಿದ್ದರು, ಆಮೇಲೆ ಎರಡು, ಮೂರು. ಆ ಹೊತ್ತಿಗೆ ಕಣದಲ್ಲಿ ಯಾರೂ ಜೋರಾಗಿ ಮಾತಾಡುವ ಹಾಗಿರಲಿಲ್ಲ. ಮುಂದಿನ ಎಣಿಕೆಗೂ ಬೇರೆ ಬೇರೆ ಹೆಸರಿದ್ದವು ಅಂತ ಅಮ್ಮ ಹೇಳುತ್ತಿದ್ದಳು, ನಾನು ಆಗ ಕೇಳಿ ಇಟ್ಟುಕೊಳ್ಳಲಿಲ್ಲ. ನಿಮ್ಮ ಅಪ್ಪ ನಿಮ್ಮ ಕಣದಲ್ಲಿ ಏನಂತ ಎಣಿಸುತ್ತಿದ್ದರು? ಮೊಮ್ಮಗಳ ಕೈಲಿ ಬರೆಸಿ ಕಳಿಸುತ್ತೀರಾ? ಗಂಗಾವತಿಯ ಹುಡುಗ ಮುದುಕಿಗೆ ಮಂತ್ರ ಹುಡುಕುತ್ತಿದ್ದಾನೆ.